ಸೀಮೆಸುಣ್ಣದ ಗೆರೆ

ಗಾಜಿನ ಮೇಲೆ ಮಂಜು ಕೂತಿದೆ, ಒಳಗಿನಿಂದ ಎಷ್ಟು ಒರೆಸಿದರೂ ಹೋಗದ್ದು, ಬೆಳಗಿನಿಂದ ಊರ ಮೇಲೆ ಒದ್ದೆ ಕಂಬಳಿಯ ಹಾಗೆ ಬಿದ್ದುಕೊಂಡಿರುವ ಮಂಜು — ಎದುರಿನ ಬೀದಿದೀಪ ಇನ್ನೂ ಆರಿಲ್ಲ, ಹಗಲಾದದ್ದು ಅದಕ್ಕೆ ತಿಳಿದೇ ಇಲ್ಲ, ಅದರ ಸುತ್ತ ಒಂದು ಬಿಳಿಯ ಉಂಗುರ, ಆ ಉಂಗುರವನ್ನೇ ನೋಡುತ್ತ ಗ್ಯಾರೇಜಿನ ಮೇಸ್ತ್ರಿ, ಸಲಕರಣೆ ಅಂಗಡಿಯ ಕೌಂಟರಿಗೆ ಹೊಟ್ಟೆ ಒತ್ತಿ ನಿಂತಿದ್ದಾನೆ, ಇಂಥ ಮಂಜಿನಲ್ಲಿ ಮಗಳು ವ್ಯಾನು ತೆಗೆದುಕೊಂಡು ಹೋಗಿದ್ದಾಳೆ, ಗೇಟು ದಾಟಿದ್ದೇ ತಡ ಹಿಂದಿನ ಕೆಂಪು ದೀಪಗಳೆರಡೂ ಯಾರೋ ಊದಿ ಆರಿಸಿದ ಹಾಗೆ ಹೋದವು, ಸದ್ದು ಮಾತ್ರ ಸ್ವಲ್ಪ ಹೊತ್ತು ಉಳಿದಿತ್ತು, ಆಮೇಲೆ ಅದೂ ಇಲ್ಲ, ದೇವರೇ ಕಾಪಾಡು ಎಂದುಕೊಂಡು ಅವನು ಗ್ಯಾರೇಜಿನ ಬಾಗಿಲೆಳೆದು ಇಲ್ಲಿಗೆ ಬಂದ, ದಿನವೂ ಅನ್ನುವುದೇ ಅದು, ದಿನವೂ ಅಂದ ಮೇಲೆ ಮನಸ್ಸು ಹಗುರಾಗುತ್ತದೆ, ಇವತ್ತು ಆಗಲಿಲ್ಲ, ಏನೋ ಒಂದು ಉಳಿದುಕೊಂಡಿದೆ, ಹಲ್ಲಿನ ಸಂದಿಯಲ್ಲಿ ಸಿಕ್ಕ ನಾರಿನ ಹಾಗೆ, ನಾಲಿಗೆ ತಿರುತಿರುಗಿ ಅಲ್ಲಿಗೇ ಹೋಗುತ್ತದೆ, ಏನೆಂದು ಮಾತ್ರ ತಿಳಿಯದು. ವ್ಯಾನಿನಲ್ಲಿ ಐದು ಜನ, ಮೂತ್ರಪಿಂಡ ಕೆಟ್ಟವರು, ಗುಡ್ಡದಾಚೆಯ ದೊಡ್ಡಾಸ್ಪತ್ರೆಗೆ ಹೋಗಿ ಯಂತ್ರದ ಪಕ್ಕ ಮಲಗಿ ರಕ್ತ ತೊಳೆಸಿಕೊಂಡು ಬರುವವರು, ಅವರನ್ನು ಮನೆಮನೆಯಿಂದ ಹತ್ತಿಸಿಕೊಂಡು ಹೋಗಿ ಮನೆಮನೆಗೆ ಇಳಿಸಿ ಬರುವುದು ಮಗಳ ಕೆಲಸ, ಮುಂದಿನ ಎಡಗಡೆ ಸೀಟು ಹಾಡುವಜ್ಜಿಯದು, ಅದು ನಂದು ಕಣೇ, ಸತ್ತ ಮೇಲೆ ಬೇಕಾದ್ರೆ ಇನ್ಯಾರಿಗಾದ್ರೂ ಕೊಡು ಅನ್ನುತ್ತಾಳೆ ಅಜ್ಜಿ, ಮುಂದಿನ ಎಡಗಡೆ — ಮತ್ತೆ ನಾಲಿಗೆ ಅಲ್ಲಿಗೇ ಹೋಯಿತು. ಎಲ್ಲಿದ್ದೀಯ ಮೇಸ್ತ್ರಿ, ನಿನ್ನ ಮುಂದೆ ಮೂರು ಜನ ಮದುಮಕ್ಕಳನ್ನ ತಂದು ಕೂರಿಸಿದೀನಿ, ನೀನು ನೋಡಿದ್ರೆ ಬೀದಿದೀಪ ನೋಡ್ತಾ ನಿಂತಿದೀಯ, ಅಂಗಡಿಯವನ ಮಾತು, ಯಾವ ಸಾಮಾನು ಕೇಳಿದರೂ ಗ್ಯಾರಂಟಿ ಗ್ಯಾರಂಟಿ ಎಂದು ಹೇಳಿ ಹೇಳಿ ಊರಿಗೆಲ್ಲ ಗ್ಯಾರಂಟಿಯಣ್ಣ ಆಗಿಹೋದವನು, ಸ್ವಂತ ಹೆಂಡತಿಯೂ ಹಾಗೇ ಕರೆಯುತ್ತಾಳಂತೆ.

ಮೂರು ಡಬ್ಬಿ, ಮೂರರ ಬಾಯಿಯೂ ತೆರೆದಿದೆ, ಒಳಗೆ ಕಪ್ಪು ಸ್ಪಂಜಿನ ತೊಟ್ಟಿಲಲ್ಲಿ ಮಲಗಿದ ಮೂರು ಬ್ಯಾಟರಿ ಗನ್ನುಗಳು, ನಟ್ಟು ಬಿಚ್ಚುವ ಬಿಗಿಯುವ ಗನ್ನುಗಳು, ವಯರಿಲ್ಲ, ಗಾಳಿಯ ಪೈಪಿಲ್ಲ, ನೋಡು ಇದು ಬೆಕ್ಕಿನ ಮರಿ, ಇದು ಬೆಕ್ಕು, ಇದು ಹುಲಿ, ಗ್ಯಾರಂಟಿಯಣ್ಣ ಒಂದೊಂದರ ಬೆನ್ನು ತಟ್ಟುತ್ತಾನೆ, ಮರಿ ನೋಡು ಎಷ್ಟು ಗಿಡ್ಡ ಮೂತಿ, ಇಂಜಿನ್ ಸಂದಿಯಾಗೆ ಬೆರಳು ಹೋಗದ ಕಡೆ ಹೋಗ್ತದೆ, ಹುಲಿ ಅಂದ್ರೆ ಲಾರಿದೇ ಸರಿ, ತುಕ್ಕು ಹಿಡಿದು ಕಲ್ಲಾಗಿರೋ ನಟ್ಟೂ ಅದರ ಹತ್ರ ಬಾಲ ಮುದುರ್ಕೊಳ್ತದೆ, ಮಧ್ಯದ್ದು ನಿನ್ನ ಹತ್ರ ಇರೋದರ ತಮ್ಮ — ಹೌದು, ಇವನ ಹತ್ತಿರ ಇರುವುದು ಅದರ ಅಣ್ಣ, ಮೊನ್ನೆ ಗ್ಯಾರಂಟಿಯಣ್ಣನೇ ಕೈಗಿಟ್ಟು ಕಳಿಸಿದ್ದು, ಮನೆಗೆ ಒಯ್ದು ಬಾಳಿಸಿ ನೋಡು, ಒಗ್ಗಿದ್ರೆ ಇಟ್ಕೋ, ಒಗ್ಗದಿದ್ರೆ ತಂದ್ಕೊಡು, ಈಗ ಆ ಅಣ್ಣ ಕೌಂಟರಿನ ತುದಿಯಲ್ಲಿ ಚೀಲದೊಳಗೆ ಕೂತಿದ್ದಾನೆ, ಇವನಿನ್ನೂ ಹೊರಗೆ ತೆಗೆದಿಲ್ಲ. ಮೇಸ್ತ್ರಿ ಮರಿಯನ್ನು ಬಲಗೈಗೆ ತೆಗೆದುಕೊಳ್ಳುತ್ತಾನೆ, ಕಣ್ಣಿಗೆ ಕಾಣುತ್ತದೆ ಕೈಯಲ್ಲಿದೆ ಎಂದು, ಕೈಗೆ ತಿಳಿಯುವುದಿಲ್ಲ, ಹೆಬ್ಬೆರಳು, ಅದರ ಪಕ್ಕದ್ದು, ನಡುಬೆರಳು, ಮೂರಕ್ಕೂ ದಪ್ಪ ಉಣ್ಣೆ ಸುತ್ತಿದ ಹಾಗೆ, ಬೇರೆ ಯಾರದೋ ಕೈಯನ್ನು ಸಾಲ ತಂದು ಮಣಿಕಟ್ಟಿಗೆ ಹೊಲಿದ ಹಾಗೆ, ಮೆಲ್ಲನೆ ಎಡಗೈಗೆ ಬದಲಾಯಿಸುತ್ತಾನೆ, ಗ್ಯಾರಂಟಿಯಣ್ಣ ನೋಡಬಾರದು, ನೋಡಲಿಲ್ಲ, ಅವನು ಬ್ಯಾಟರಿ ಹೊಗಳುವುದರಲ್ಲಿದ್ದಾನೆ. ಡಾಕ್ಟರು ಸಣ್ಣ ಸುತ್ತಿಗೆಯಲ್ಲಿ ಮಣಿಕಟ್ಟನ್ನು ತಟ್ಟಿದ್ದರು, ಇಲ್ಲಿ ಜುಂ ಅನ್ನುತ್ತಾ, ಅನ್ನುತ್ತೆ ಡಾಕ್ಟ್ರೇ, ಇಲ್ಲಿ, ಇಲ್ಲ, ನರ ಒತ್ತಿಕೊಂಡುಬಿಟ್ಟಿದೆ, ಎಷ್ಟು ವರ್ಷದಿಂದ ಈ ಕೆಲಸ, ಹುಟ್ಟಿದಾಗಿನಿಂದ ಅನ್ನಿ, ಡಾಕ್ಟರು ನಕ್ಕರು, ಇವನೂ ನಕ್ಕ, ನಗುತ್ತಲೇ ಎದ್ದು ಬಂದ, ಮನೆಯಲ್ಲಿ ಹೇಳಲಿಲ್ಲ, ಎರಡು ಲೋಟ ಒಡೆದ ಮೇಲೆ ಹೆಂಡತಿ, ಒಡೀರಿ ಒಡೀರಿ, ಆಮೇಲೆ ಎಲ್ಲರೂ ಒಂದೇ ಲೋಟದಲ್ಲಿ ಸರದಿ ಮೇಲೆ ಕುಡಿಯೋಣ ಅಂದಳು, ಅದಕ್ಕೂ ನಕ್ಕ, ಕೈ ಜಾರ್ತು ಕಣೇ ಅಂದ, ಮಗಳು ಮಾತ್ರ ನಗಲಿಲ್ಲ, ಒಡೆದ ಗಾಜನ್ನು ಆಯುತ್ತ ಅವನ ಕೈಯನ್ನೇ ನೋಡಿದಳು, ಇಂಜಿನ್ನಿಗೆ ಕಿವಿ ಕೊಡುವಾಗ ನೋಡುವ ಹಾಗೆ. ಗನ್ನು ಬೇಕಾಗಿದ್ದು ಅದಕ್ಕೇ, ಕೈಯ ಕೆಲಸವನ್ನು ಗನ್ನು ಮಾಡಿಬಿಟ್ಟರೆ ಕೈ ಸತ್ತಿದೆ ಎಂದು ಯಾರಿಗೂ ತಿಳಿಯಬೇಕಾಗಿಲ್ಲ, ಚಿಕ್ಕದಾಗಿರಬೇಕು, ಚಕ್ರದ ಗೂಡಿನೊಳಗೆ ಬಗ್ಗಿದಾಗ ತಲೆ ಹೊಕ್ಕುವಂಥದ್ದು, ಹುಲಿ ಬೇಡ, ಹುಲಿ ಮಣಿಕಟ್ಟನ್ನು ಅಲ್ಲಾಡಿಸಿ ಉಳಿದೆರಡು ಬೆರಳನ್ನೂ ತಿಂದುಹಾಕುತ್ತದೆ, ಮರಿಗೆ ಚಕ್ರದ ನಟ್ಟು ಕಚ್ಚುವಷ್ಟು ಹಲ್ಲಿಲ್ಲ, ಹಾಗಾದರೆ ಬೆಕ್ಕೇ, ಬೆಕ್ಕಾದರೆ ಅಣ್ಣನೋ ತಮ್ಮನೋ. ತಮ್ಮನಿಗೆ ಒಂದು ಬುದ್ಧಿ ಜಾಸ್ತಿ, ಗ್ಯಾರಂಟಿಯಣ್ಣ ಹೇಳುತ್ತಿದ್ದಾನೆ, ನಟ್ಟು ಕೂತ್ಕೊಂಡ ತಕ್ಷಣ ತಾನೇ ನಿಲ್ತದೆ, ನೀನು ಕಣ್ಣು ಮುಚ್ಕೊಂಡು ಬಿಗೀಬೋದು. ಸಾಕು ಅನ್ನೋದನ್ನ ಅದಕ್ಕೆ ಹೇಳಿಕೊಟ್ಟೋರು ಯಾರಣ್ಣ, ಮೇಸ್ತ್ರಿಯ ಬಾಯಿಂದ ಹೊರಟಿತು, ತಮಾಷೆಗೆ ಅಂದದ್ದು, ಆದರೆ ಆ ಮಾತು ಅವನದಲ್ಲ, ಅದು ಮಾವನ ದನಿ, ಹತ್ತು ವರ್ಷದ ಹಿಂದೆ ಮಣ್ಣಾದವನ ದನಿ ತನ್ನ ಗಂಟಲಲ್ಲಿ ಕೇಳಿ ಮೇಸ್ತ್ರಿ ಕೈಯಲ್ಲಿದ್ದ ಮರಿಯನ್ನು ಕೌಂಟರಿನ ಮೇಲೆ ಇಟ್ಟುಬಿಟ್ಟ.

ಮಾವ, ಅವ್ವನ ತಮ್ಮ, ಗ್ಯಾರೇಜು ಕಟ್ಟಿದವನು, ಇವನನ್ನು ಸಾಕಿ ಕೆಲಸ ಕಲಿಸಿದವನು, ಬೆಳಗಾದರೆ ಕೈ ತೊಳೆದು ದೇವರಿಗೆ ಕೈಮುಗಿದು ಆಮೇಲೇ ನಟ್ಟು ತಿರುಗಿಸುವ ಪಾನಾ ಮುಟ್ಟುತ್ತಿದ್ದವನು, ಯಾಕೆ ಮಾವ ಎಣ್ಣೆ ಕೆಲಸಕ್ಕೆ ಕೈ ತೊಳೆಯೋದು ಎಂದು ಕೇಳಿದರೆ ಎಣ್ಣೆಗಲ್ಲ ಕಣೋ, ಜೀವಕ್ಕೆ, ಇದರ ಮೇಲೆ ಜನ ಕೂತ್ಕೊಂಡು ಹೋಗ್ತಾರೆ ಅನ್ನುತ್ತಿದ್ದ, ಗೋಡೆಯ ಮೇಲೆ ಒಂದೊಂದು ಸಲಕರಣೆಯ ಆಕಾರವನ್ನೂ ಕಪ್ಪು ಬಣ್ಣದಲ್ಲಿ ಬರೆದಿದ್ದ, ಯಾವುದು ತನ್ನ ಜಾಗದಲ್ಲಿಲ್ಲವೋ ಅದರ ನೆರಳು ಮಾತ್ರ ಉಳಿದು ಕೂಗಿ ಹೇಳಬೇಕು, ಎಲ್ಲಕ್ಕಿಂತ ಮೇಲೆ ಉದ್ದ ಪಾನಾ, ತೋಳಿನಷ್ಟು ಉದ್ದದ್ದು, ಹಿಡಿಕೆಯ ಕಬ್ಬಿಣ ಅಂಗೈಗಳಿಂದ ಸವೆದು ಕನ್ನಡಿಯಾಗಿತ್ತು. ಚಕ್ರದ ನಟ್ಟನ್ನು ಯಾವುದರಲ್ಲಿ ಬೇಕಾದರೂ ಬಿಗಿ, ಕೊನೆಯ ಕಾಲು ಸುತ್ತು ಉದ್ದ ಪಾನಾದ್ದು, ಅದನ್ನು ಮೈಭಾರ ಬಿಟ್ಟು ಒತ್ತಬೇಕು, ಒತ್ತಿದಾಗ ಕಬ್ಬಿಣದೊಳಗೆ ಒಂದು ಸಣ್ಣ ಉಸಿರು ಬಿಟ್ಟಂತೆ ಆಗುತ್ತದೆ, ಬಿಗಿ ಅನ್ನೋದು ಕಿವಿಗೆ ಕೇಳೋದಲ್ಲ, ಅಂಗೈಗೆ ಕೇಳೋದು, ಕೇಳ್ತಾ, ಕೇಳ್ತು ಮಾವ, ಸುಳ್ಳು ಹೇಳಬೇಡ, ಇನ್ನೊಂದು ಸಲ ಒತ್ತು, ಆಗ ಕೇಳಿತು, ನಿಜವಾಗಿ ಕೇಳಿತು, ಅಂಗೈಯೊಳಗೆ ಯಾರೋ ಪಿಸುಗುಟ್ಟಿದ ಹಾಗೆ. ಅದಾದ ಮೇಲೆ ಸೀಮೆಸುಣ್ಣ, ನಟ್ಟಿನ ನೆತ್ತಿಯಿಂದ ರಿಮ್ಮಿನ ಮೇಲಕ್ಕೆ ನೇರವಾಗಿ ಒಂದು ಬಿಳಿ ಗೆರೆ, ನಟ್ಟು ಕದಲಿದರೆ ಗೆರೆ ತುಂಡಾಗುತ್ತದೆ, ನೋಡಿದ ಯಾರಿಗಾದರೂ ತಿಳಿಯುತ್ತದೆ, ಮತ್ತೆ ಮಾವನ ಕಟ್ಟಳೆ ಒಂದಿತ್ತು, ಬಿಗಿದವನು ಗೆರೆ ಎಳೆಯಬಾರದು, ಗೆರೆ ಇನ್ನೊಬ್ಬರದು, ಇನ್ನೊಂದು ಕಣ್ಣು ನೋಡಿದೆ ಅನ್ನುವುದಕ್ಕೆ ಗುರುತು, ಮಾವ ಬಿಗಿದರೆ ಇವನು ಎಳೆದ, ಇವನು ಬಿಗಿದರೆ ಮಾವ ಎಳೆದ, ಮಾವನ ಕಣ್ಣು ಮಂಜಾದ ಮೇಲೆ ಮಗಳು, ಚಕ್ರದಷ್ಟೇ ಎತ್ತರ ಇದ್ದಳು, ನಾಲಿಗೆ ಹೊರಗೆ ಚಾಚಿ ಉಸಿರು ಬಿಗಿಹಿಡಿದು ಗೆರೆ ಎಳೆಯುತ್ತಿದ್ದಳು, ಎಳೆದು ಅಜ್ಜಾ ಇದೂ ಗಟ್ಟಿ ಎಂದು ಕೂಗುತ್ತಿದ್ದಳು, ಕೈ, ಮೂಗು, ಲಂಗ ಎಲ್ಲ ಸುಣ್ಣ. ಇವತ್ತು ಬೆಳಿಗ್ಗೆ — ನಾಲಿಗೆ ನಾರಿನ ಹತ್ತಿರ ಹೋಯಿತು, ತಡೆಯಲಾಗಲಿಲ್ಲ — ಇವತ್ತು ಬೆಳಿಗ್ಗೆ ವ್ಯಾನಿನ ಮುಂದಿನ ಎಡಗಡೆಯ ಚಕ್ರದಲ್ಲಿ ಗಾಳಿ ಇಳಿದಿತ್ತು, ಮಗಳು ಒಳಗೆ ಫ್ಲಾಸ್ಕಿಗೆ ಬಿಸಿನೀರು ತುಂಬುತ್ತಿದ್ದಾಳೆ, ಅಜ್ಜಿಯ ಫೋನು, ಎಲ್ಲಿದೀಯೇ, ಚಳೀಲಿ ಬಾಗಿಲಲ್ಲಿ ನಿಂತು ಮರ ಆಗೋದೆ, ಇವನು ಜಾಕು ಕೊಟ್ಟು ಚಕ್ರ ಬಿಚ್ಚಿ ಸ್ಟೆಪ್ನಿ ಹಾಕಿದ, ಐದು ನಟ್ಟು, ಗನ್ನು ಒತ್ತಿದ, ಟಕಟಕಟಕ, ಎಂಥ ಸದ್ದು, ಗಟ್ಟಿ ಗಟ್ಟಿ ಗಟ್ಟಿ ಎಂದು ಅದೇ ಹೇಳುತ್ತಿರುವ ಹಾಗೆ, ಐದಕ್ಕೂ ಟಕಟಕ, ತಲೆಯೆತ್ತಿದರೆ ಗೋಡೆಯ ಮೇಲೆ ಉದ್ದ ಪಾನಾ, ಅದನ್ನು ನೋಡಿದ, ಮೊನ್ನೆ ಅದು ಕೈಯಿಂದ ಜಾರಿ ಗೆಣ್ಣು ತರಚಿದ್ದೂ ತಿಳಿದಿರಲಿಲ್ಲ, ರಕ್ತ ನೆಲಕ್ಕೆ ತೊಟ್ಟಿಕ್ಕಿದ ಮೇಲೆ ಎಲ್ಲಿಂದ ಬಂತು ಇದು ಎಂದು ಸುತ್ತ ನೋಡಿದ್ದ, ಹಿಡಿದರೂ ಅದು ಏನು ಹೇಳುತ್ತದೆ ಈ ಕೈಗೆ, ಕಿವುಡನ ಹತ್ತಿರ ಗುಟ್ಟು ಹೇಳಿದ ಹಾಗೆ, ಬೇಡ, ಗನ್ನು ಹೇಳಿತಲ್ಲ, ಸಾಕು. ಸೀಮೆಸುಣ್ಣ ಜೇಬಿನಲ್ಲೇ ಇತ್ತು. ಬಿಗಿದವನೇ ಗೆರೆ ಎಳೆದ. ಹೊರಗೆ ಬಂದ ಮಗಳು ಕೇಳಿದಳು, ಅಪ್ಪಾ, ಪಾನಾ ಹಾಕಿದ್ಯಾ. ಗೆರೆ ಕಾಣಲ್ವಾ ನಿಂಗೆ, ಅಂದ. ಹಾಕಿದೆ ಅನ್ನಲಿಲ್ಲ, ಗೆರೆ ಕಾಣಲ್ವಾ ಅಂದ. ಅವಳು ಗೆರೆಯನ್ನು ನೋಡಿದಳು, ಅವನ ಕೈಯನ್ನು ನೋಡಿದಳು, ಸರಿ ಅಪ್ಪಾ ಅಂದಳು.

ಏನೂ ಆಗುವುದಿಲ್ಲ, ಮೇಸ್ತ್ರಿ ತನಗೆ ತಾನೇ ಹೇಳಿಕೊಳ್ಳುತ್ತಾನೆ, ಗನ್ನಿನ ಬಿಗಿ ಏನು ಕಡಿಮೆಯೇ, ಊರಲ್ಲಿ ಅರ್ಧ ಗ್ಯಾರೇಜಿನವರು ಉದ್ದ ಪಾನಾ ಕಂಡೇ ಇಲ್ಲ, ಅವರ ಗಾಡಿಗಳೆಲ್ಲ ಓಡುತ್ತಿಲ್ಲವೇ, ಮಾವನ ಕಾಲ ಬೇರೆ, ಮಾವನ ಕಬ್ಬಿಣ ಬೇರೆ, ಒಂದು ಕಾಲು ಸುತ್ತು, ಬರೀ ಕಾಲು ಸುತ್ತು. ಆಯ್ತು, ತಮ್ಮ ಬೇಡ ಅಂದ್ರೆ ಅಣ್ಣನೇ ಇಟ್ಕೋ, ತೆಗಿ ಇಲ್ಲಿ, ಎರಡು ದಿನ ಹೆಂಗೆ ಬಾಳಿಸಿದೀಯ ನೋಡೋಣ, ಗ್ಯಾರಂಟಿಯಣ್ಣ ಚೀಲಕ್ಕೆ ಕೈ ಹಾಕಿದ, ಗನ್ನನ್ನು ಹೊರಗೆ ತೆಗೆದು ಮಗುವಿನ ಮೂಗು ಒರೆಸಿದ ಹಾಗೆ ಮೂತಿ ಒರೆಸಿದ, ಗುಂಡಿ ಮುಟ್ಟಿದ, ಹಿಡಿಕೆಯ ಬುಡದಲ್ಲಿ ಹಸಿರು ದೀಪ ಹತ್ತಿತು, ಒಂದು. ಮೂರು ಜಾಗವಿದೆ ದೀಪಕ್ಕೆ, ಹತ್ತಿದ್ದು ಒಂದು. ಜೋರು ಒಂದರಲ್ಲೇ ಇಟ್ಕೊಂಡಿದೀಯಲ್ಲೋ, ಗ್ಯಾರಂಟಿಯಣ್ಣ ನಗುತ್ತಾನೆ, ಇಂಥ ಅಣ್ಣನ್ನ ತಗೊಂಡೋಗಿ ಹಾಲು ಕುಡಿಸಿ ಮಲಗಿಸಿದೀಯ, ಒಂದು ಅಂದ್ರೆ ಸಣ್ಣ ಬೋಲ್ಟಿಗೆ ಮೇಸ್ತ್ರಿ, ಚಕ್ರಕ್ಕೆ ಮೂರು, ಹೇಳಿದ್ನಲ್ಲ ಅವತ್ತು, ನೀನು ಒತ್ತೋದು ಬಿಟ್ರೂ ಕೊನೇಲಿ ಎಲ್ಲಿಟ್ಟಿದ್ಯೋ ಅದನ್ನೇ ನೆನಪಿಟ್ಕೊಳ್ತದೆ, ನಮ್ಮನೆಯವಳ ಥರ. ನಿನ್ನೆ ಸಂಜೆ. ನಿನ್ನೆ ಸಂಜೆ ಒಂದು ಕಾರಿನ ಇಂಜಿನ್ ಮುಚ್ಚಳ, ಪೆನ್ಸಿಲ್ಲಿನಷ್ಟು ಸಣ್ಣ ಬೋಲ್ಟುಗಳು, ಜೋರು ಕೊಟ್ಟರೆ ಮುರಿದಾವು ಎಂದು ಇವನೇ ಗುಂಡಿ ಒತ್ತಿ ಒಂದಕ್ಕೆ ಇಳಿಸಿದ್ದ, ತನ್ನ ಹೆಬ್ಬೆರಳಿನಲ್ಲೇ, ಬೆಳಿಗ್ಗೆ ನೋಡಲಿಲ್ಲ, ದೀಪ ಹಿಡಿಕೆಯ ಕೆಳಗಿದೆ, ಅಂಗೈ ಮುಚ್ಚಿಕೊಳ್ಳುತ್ತದೆ, ಸದ್ದು ಅದೇ, ಒಂದರಲ್ಲೂ ಟಕಟಕ, ಮೂರರಲ್ಲೂ ಟಕಟಕ, ಬಲದ ವ್ಯತ್ಯಾಸ ತಿಳಿಯಬೇಕಾದದ್ದು ಕಿವಿಗಲ್ಲ, ಅಂಗೈಗೆ, ಅಂಗೈ ಉಣ್ಣೆ ಸುತ್ತಿಕೊಂಡು ಮಲಗಿತ್ತು. ಹಾಗಾದರೆ ಬಾಕಿ ಕಾಲು ಸುತ್ತಲ್ಲ, ಒಂದು, ಒಂದೂವರೆ, ಐದೂ ನಟ್ಟು ಬರೀ ಮುತ್ತಿಟ್ಟು ಕೂತಿವೆ, ಮೇಲೆ ಬಿಳಿ ಗೆರೆ, ನೇರವಾಗಿ, ಮದುವೆಮನೆ ಬಾಗಿಲಿಗೆ ಸುಣ್ಣ ಹೊಡೆದ ಹಾಗೆ. ಯಾಕೋ ಮೇಸ್ತ್ರಿ, ಮುಖ ಬಿಳಚ್ಕೊಂಡ್ತು, ಕೂತ್ಕೋ, ನೀರು ಕುಡಿ. ಫೋನು ಹಚ್ಚಿದ, ಹಚ್ಚುವಾಗ ಬೆರಳು ತಪ್ಪಿ ಬೇರೆಯವರಿಗೆ ಹೋಯಿತು, ಮತ್ತೆ ಹಚ್ಚಿದ, ನೀವು ಕರೆ ಮಾಡುತ್ತಿರುವ ಚಂದಾದಾರರು, ಒಬ್ಬ ಹೆಂಗಸಿನ ತಣ್ಣನೆಯ ದನಿ, ಅವಳಿಗೇನು, ಗುಡ್ಡ ಹತ್ತಿದರೆ ಫೋನು ಸಿಗುವುದಿಲ್ಲ, ಮಗಳು ಗುಡ್ಡ ಹತ್ತಿಬಿಟ್ಟಿದ್ದಾಳೆ, ಹತ್ತುವಾಗ ಪರವಾಗಿಲ್ಲ, ಇಳಿಯುವಾಗ, ಇಳಿಜಾರಿನಲ್ಲಿ ಬ್ರೇಕು ಒತ್ತಿ ಒತ್ತಿ ಬಿಟ್ಟಾಗ, ತಿರುವಿನಲ್ಲಿ ಭಾರವೆಲ್ಲ ಮುಂದಿನ ಎಡಗಡೆಗೆ ಬಿದ್ದಾಗ, ನಟ್ಟು ಒಂದು ಕೂದಲು ಕದಲುತ್ತದೆ, ಗೆರೆಯ ಅರ್ಧ ಇತ್ತ, ಅರ್ಧ ಅತ್ತ — ಅವನಿಗೆ ಕಾಣುತ್ತಿದೆ, ಗ್ಯಾರಂಟಿಯಣ್ಣನ ಅಂಗಡಿಯ ನಡುವೆ ನಿಂತು ಕಾಣುತ್ತಿದೆ, ತುಂಡಾದ ಬಿಳಿ ಗೆರೆ.

ಬಾಗಿಲು ದೂಡಿದ್ದು ನೆನಪಿಲ್ಲ, ಡಬ್ಬಿ ಹಂಗೇ ಬಿಟ್ಟು ಹೋಗ್ತಿದೀಯಲ್ಲೋ, ಯಾವುದು ಅಂತನಾದ್ರೂ ಹೇಳು ಎಂಬ ಕೂಗು ಬೆನ್ನಿಗೆ ಬಡಿಯಿತು, ಸ್ಕೂಟರು, ಮೊದಲು ಗ್ಯಾರೇಜು, ಉದ್ದ ಪಾನಾ ಬೇಕು, ಬರಿಗೈಯಲ್ಲಿ ಹೋಗಿ ಮಾಡುವುದೇನು, ಮೂರು ಬೆರಳು ಸತ್ತ ಕೈಯಲ್ಲಿ ಬೀಗ ತೆಗೆಯಲು ಬೀಗದೊಡನೆ ಜಗಳವಾಡಿದ, ಒಳಗೆ ಕತ್ತಲೆ, ಎಣ್ಣೆಯ ವಾಸನೆ, ಕಣ್ಣು ಗೋಡೆಗೆ ಹೋಯಿತು, ಮಾವ ಬರೆದ ಕಪ್ಪು ಆಕಾರಗಳು, ಒಂದೊಂದರಲ್ಲೂ ಅದರದರ ಪಾನಾ, ಮೇಲಿನದು ಮಾತ್ರ ಖಾಲಿ. ತೋಳಿನಷ್ಟು ಉದ್ದದ ಕಪ್ಪು ನೆರಳು, ಮೊಳೆ ಬರಿಯ ಮೊಳೆ. ಬೆಳಿಗ್ಗೆ ಇತ್ತು, ಕಣ್ಣಾರೆ ನೋಡಿದ್ದಾನೆ, ತಲೆಯೆತ್ತಿ ನೋಡಿ ಬೇಡ ಅಂದುಕೊಂಡಿದ್ದಾನೆ, ಯಾರು ತೆಗೆದರು, ಮಾವ, ಮಾವನೇ ಬಂದು ತೆಗೆದುಕೊಂಡು ಹೋದನೇ, ನಿನಗೆ ಬೇಡವಾದ ಮೇಲೆ ಇದೇಕೆ ಇಲ್ಲಿ ಎಂದು — ಹುಚ್ಚು, ಹುಚ್ಚು ಯೋಚನೆ, ಚಕ್ರದ ಪಾನಾ ಒಂದನ್ನು ಸಿಕ್ಕಿದಂತೆ ಎಳೆದುಕೊಂಡು ಸ್ಕೂಟರಿನ ಕಾಲಡಿ ಎಸೆದು ಹೊರಟ, ದೇವರೇ, ಇಷ್ಟು ದಿನ ಬಾಯಲ್ಲಿ ಅಂದದ್ದನ್ನೆಲ್ಲ ಒಂದೇ ಸಲ ಲೆಕ್ಕಕ್ಕೆ ಹಿಡಿ, ನನ್ನ ಕೈ ಬೇಕಾದರೆ ತಗೋ, ಎರಡೂ ತಗೋ, ದೇವರಿಗೆ ಯಾಕೆ ಬೇಕು ಸತ್ತ ಕೈ, ಅದೂ ಮೋಸದ ವ್ಯಾಪಾರವೇ. ಗುಡ್ಡದ ರಸ್ತೆ, ಮಂಜು ಕಣ್ಣಿಗೆ ಬಟ್ಟೆ ಕಟ್ಟಿದೆ, ಕಾಣುವುದು ರಸ್ತೆಯ ನಡುವಿನ ಬಿಳಿ ಪಟ್ಟಿ ಮಾತ್ರ, ತುಂಡು ತುಂಡಾದ ಪಟ್ಟಿ, ಒಂದು ತುಂಡು ಚಕ್ರದಡಿಗೆ ಬಂದು ಹೋಗುತ್ತದೆ, ಖಾಲಿ, ಇನ್ನೊಂದು ತುಂಡು, ಖಾಲಿ, ಯಾರೋ ಮುಂದೆ ಮುಂದೆ ಗೆರೆ ಎಳೆದು ಮುರಿದು ಎಳೆದು ಮುರಿದು ಹೋಗುತ್ತಿರುವ ಹಾಗೆ. ರಸ್ತೆಯ ಪಕ್ಕ ಏನೋ ಮಿನುಗಿತು, ನಿಲ್ಲಿಸಿದ, ಬಾಟಲಿಯ ಮುಚ್ಚಳ. ಮತ್ತೊಂದು ಕಡೆ ಜನ ಗುಂಪುಕಟ್ಟಿ ಕೆಳಗೆ ಬಗ್ಗಿ ನೋಡುತ್ತಿದ್ದಾರೆ, ಸ್ಕೂಟರಿನ ಮೇಲೆ ಕೂತಲ್ಲಿಂದಲೇ ಏನಾಯ್ತಣ್ಣ ಅಂದ, ಏನಿಲ್ಲ, ಇವನ ಚಪ್ಪಲಿ ಕೆಳಗೆ ಬಿತ್ತು, ಒಂದು ಕಾಲಿಂದು, ಇನ್ನೊಂದೂ ಎಸೆದುಬಿಡು ಅಂದ್ರೆ ಕೇಳ್ತಿಲ್ಲ, ಅವರು ನಗುತ್ತಿದ್ದರು, ಜಗತ್ತಿನಲ್ಲಿ ಜನ ಈಗಲೂ ನಗುತ್ತಿದ್ದಾರೆ. ಬಿಳೀ ವ್ಯಾನು ಹೋಯ್ತಾ ಈ ಕಡೆ. ಎಷ್ಟೊಂದು ಹೋದ್ವು, ಈ ಮಂಜಲ್ಲಿ ಎಲ್ಲವೂ ಬಿಳೀವೇ.

ಗುಡ್ಡದ ನೆತ್ತಿಯಲ್ಲಿ, ಇಳಿಜಾರು ಶುರುವಾಗುವ ಕಡೆ, ಅಡ್ಡಗೋಲು ಬಿದ್ದಿತ್ತು. ಮಂಜು ಕರಗುವ ತನಕ ಯಾರನ್ನೂ ಕೆಳಗೆ ಬಿಡುವುದಿಲ್ಲವಂತೆ, ಲಾರಿಗಳು, ಕಾರುಗಳು, ಒಂದರ ಹಿಂದೆ ಒಂದು ದೀಪ ಮಿಟುಕಿಸುತ್ತ ನಿಂತಿವೆ, ಬೆಳಗಿನಿಂದ ತಾನು ಶಪಿಸಿದ ಮಂಜು, ಅದೇ ಮಂಜು ಕೈ ಅಡ್ಡ ಇಟ್ಟು ನಿಲ್ಲಿಸಿದೆ, ಮೇಸ್ತ್ರಿ ಸ್ಕೂಟರನ್ನು ಅಲ್ಲೇ ಕೆಡವಿ ಗಾಡಿಗಳ ಪಕ್ಕದಲ್ಲಿ ಓಡುತ್ತಾನೆ, ನಡೆಯುತ್ತಾನೆ, ಮತ್ತೆ ಓಡುತ್ತಾನೆ, ಹಾಡು ಮೊದಲು ಕೇಳಿತು, ಆಮೇಲೆ ವ್ಯಾನು ಕಂಡಿತು, ಕಿಟಕಿಯಲ್ಲಿ ಹಾಡುವಜ್ಜಿ, ಹಾಡು ನಿಲ್ಲಿಸಿದಳು, ಬಂದ್ಯಾ ಮೇಸ್ತ್ರಿ, ನಿನ್ನ ಗಾಡಿ ಅಪಸ್ವರ ಹಾಡ್ತಿತ್ತಪ್ಪ, ನನ್ನ ಕಾಲಡಿಯೇ ಟಿಕ್ಕು ಟಿಕ್ಕು ಅಂತ, ತಾಳ ತಪ್ತಿದೆ ಕಣೇ ಅಂತ ನಾನೇ ಹೇಳಿದ್ದು ಇವಳಿಗೆ, ನಿಂತಿದ್ದು ಒಳ್ಳೇದೇ ಆಯ್ತು ನೋಡು. ಮುಂದಿನ ಎಡಗಡೆಯ ಚಕ್ರದ ಮುಂದೆ ಮಗಳು ಕುಕ್ಕರುಗಾಲಲ್ಲಿ ಕೂತಿದ್ದಾಳೆ. ಅವಳ ಮೊಣಕಾಲ ಮೇಲೆ, ತೋಳಿನಷ್ಟು ಉದ್ದಕ್ಕೆ, ಗೋಡೆಯಿಂದ ಕಾಣೆಯಾದ ನೆರಳಿಗೆ ಸೇರಿದ ಕಬ್ಬಿಣ. ಫ್ಲಾಸ್ಕು ತಗೊಂಡುಬರ್ತೀನಿ ಎಂದು ಬೆಳಿಗ್ಗೆ ಮತ್ತೆ ಒಳಗೆ ಹೋಗಿದ್ದಳು, ಇವನು ಆಗ ಜಾಕು ಇಳಿಸುತ್ತಿದ್ದ, ಸರಿ ಅಪ್ಪಾ ಅಂದವಳು, ನಂಬದೆ ಸರಿ ಅಂದವಳು, ಅವನ ಮಾತನ್ನು ಅವನ ಮುಖದ ಮೇಲೆ ಮುರಿಯದೆ ಪಾನಾವನ್ನು ಕೋಟಿನಡಿ ಹಿಡಿದು ಹೊರಬಂದವಳು. ಅವಳು ತಲೆಯೆತ್ತಿದಳು. ಇವನ ಏದುಸಿರು, ಮಣ್ಣಾದ ಮೊಣಕಾಲು, ಎಲ್ಲ ನೋಡಿದಳು. ಎಷ್ಟು ತಿರುಗ್ತು ಮಗಾ, ಅವನೇ ಕೇಳಿದ. ಒಂದು ಸುತ್ತು ಮೇಲೆ, ಮೂರೂ. ಇನ್ನೊಂದು ಇದೆ, ಎಂದಳು, ಎದ್ದು ಜಾಗ ಬಿಟ್ಟಳು, ಪಾನಾದ ಹಿಡಿಕೆಯನ್ನು ಅವನ ಕಡೆ ತಿರುಗಿಸಿ ನೀಡಿದಳು, ಮನೆಯ ಹಿರಿಯರಿಗೆ ಮೊದಲ ತುತ್ತು ನೀಡುವ ಹಾಗೆ, ಇದು ನಿಂದು, ನೀನೇ ಹಾಕು. ಮೇಸ್ತ್ರಿ ಕೂತ. ನಟ್ಟಿಗೆ ಪಾನಾ ಕೊಟ್ಟ, ಎರಡೂ ಕೈಯಲ್ಲಿ ಹಿಡಿದ, ಮೈಭಾರ ಬಿಟ್ಟು ಒತ್ತಿದ, ಪಾನಾ ಚಲಿಸಿತು, ನಿಂತಿತು, ಅಲ್ಲಿ ನಿಲ್ಲಬೇಕಾಗಿತ್ತೋ ಇವನ ತೋಳು ಸೋತು ನಿಂತಿತೋ, ಅವನು ಕಾದ, ಕಬ್ಬಿಣ ಉಸಿರು ಬಿಡಲಿ ಎಂದು ಕಾದ, ಅಂಗೈಯೊಳಗೆ ಯಾರಾದರೂ ಏನಾದರೂ ಅನ್ನಲಿ ಎಂದು, ಮಾವ, ಯಾರಾದರೂ. ಉಣ್ಣೆ. ಬರೀ ಉಣ್ಣೆ. ಕೇಳ್ತಾ ಅಪ್ಪಾ, ಎಂದಳು ಮಗಳು, ಮೆಲ್ಲಗೆ, ಅಜ್ಜಿಗೆ ಕೇಳಿಸದ ಹಾಗೆ. ಕೇಳ್ತು ಎಂಬ ಮಾತು ತುಟಿಯ ತನಕ ಬಂದು ಕೂತಿತು, ಹಳೆಯ ಪರಿಚಯದ ಮಾತು, ಬೆಳಿಗ್ಗೆಯಿಂದ ಅದೊಂದೇ ಸುಳ್ಳು ಬೇರೆ ಬೇರೆ ಅಂಗಿ ತೊಟ್ಟು ಬರುತ್ತಿದೆ. ಇಲ್ಲ ಮಗಾ, ಅಂದ. ನಂಗೆ ತಿಳೀತಿಲ್ಲ. ತಿಂಗಳಿಂದ ತಿಳೀತಿಲ್ಲ. ಅಷ್ಟು ಹೇಳಿ ಅವನು ಪಾನಾವನ್ನು ನಟ್ಟಿನಿಂದ ಬಿಡಿಸಿದ, ಸವೆದು ಕನ್ನಡಿಯಾದ ಹಿಡಿಕೆಯನ್ನು ಅಂಗಿಯ ತುದಿಯಲ್ಲಿ ಒಮ್ಮೆ ಒರೆಸಿದ, ಮಾವ ಕೊಟ್ಟಿದ್ದನ್ನು, ಇಷ್ಟರಲ್ಲಿ ಎಂದೋ ಕೊಡಬೇಕಾಗಿದ್ದನ್ನು, ಸದ್ದಿಲ್ಲದೆ ಅವಳ ಎರಡೂ ಕೈಗೆ ಇಟ್ಟ. ಇದು ಇನ್ನು ನಿನ್ನ ವ್ಯಾನಲ್ಲೇ ಇರ್ಲಿ. ಗನ್ನು ಯಾವುದು ತಗೋಬೇಕೋ ನೀನೇ ಹೋಗಿ ನೋಡು, ನಿನ್ನ ಕೈಗೆ ಹೊಂದೋದು, ಗ್ಯಾರಂಟಿಯಣ್ಣನ ಹತ್ರ ಮೂರು ಡಬ್ಬಿ ಬಾಯಿ ತೆಕ್ಕೊಂಡು ಕೂತಿವೆ. ಅವಳು ಕೂತಳು, ಒತ್ತಿದಳು, ಅವನು ಗಟ್ಟಿ ಅಂದುಕೊಂಡಿದ್ದ ನಟ್ಟು ಇನ್ನೂ ಅರ್ಧ ಸುತ್ತು ಹೋಯಿತು, ಆಮೇಲೆ ಅವಳ ಮುಖದಲ್ಲಿ ಅದು ಕಂಡಿತು, ಅವಳ ಅಂಗೈಗೆ ಕೇಳಿದ್ದು, ಅವನಿಗೆ ಅವಳ ಮುಖದಲ್ಲಿ ಕೇಳಿತು. ನೀನು ಎಳಿ ಅಪ್ಪಾ, ಎಂದಳು. ಜೇಬಿನಿಂದ ಸೀಮೆಸುಣ್ಣ ತೆಗೆದ, ಬಿಗಿದವಳು ಅವಳು, ಗೆರೆ ಅವನದು, ಹಳೆಯ ಮುರಿದ ಗೆರೆಗಳ ಪಕ್ಕದಲ್ಲಿ ಹೊಸದು, ನಟ್ಟಿನ ನೆತ್ತಿಯಿಂದ ರಿಮ್ಮಿನ ಮೇಲಕ್ಕೆ, ಒಂದು, ಇನ್ನೊಂದು, ಗೆರೆ ನೇರ ಬಂತು, ಮತ್ತೊಂದು, ನಾಲ್ಕನೆಯದು, ಸುಣ್ಣ ಹಿಡಿದ ಕೈ ಐದನೆಯದಕ್ಕೆ ಸರಿದು ಅಲ್ಲಿಯೇ ನಿಂತಿತು. ಅದನ್ನೇ ಹೇಳೋಣ ಅಂತಿದ್ದೆ, ಮಗಳ ದನಿ, ಐದನೇ ನಟ್ಟು ದಾರೀಲಿ ಎಲ್ಲೋ ಬಿದ್ದಿದೆ, ಹಿಂದಿನ ಚಕ್ರದಿಂದ ಒಂದು ತೆಗೆದು ಹಾಕ್ತೀನಿ, ಮಂಜು ಇನ್ನೂ ಎದ್ದಿಲ್ಲ, ಹೊತ್ತಿದೆ, ಅವಳು ಹಿಂದಿನ ಚಕ್ರದ ಕಡೆ ನಡೆದಳು, ಅಜ್ಜಿ ಮತ್ತೆ ಹಾಡಿಗೆ ಗಂಟಲು ಸರಿಮಾಡಿಕೊಳ್ಳುತ್ತಿದ್ದಾಳೆ, ಮುಂದೆ ಎಲ್ಲೋ ಒಂದು ಲಾರಿಯ ಇಂಜಿನ್ನು ಶುರುವಾಯಿತು, ಅವನು ಕೂತೇ ಇದ್ದಾನೆ, ನಟ್ಟಿಲ್ಲದ ಬೋಲ್ಟು, ತುದಿಯಲ್ಲಿ ಉಜ್ಜಿ ಹೊಳಪಾದ ತಿರುಪಿನ ಸುತ್ತುಗಳು, ಅದರ ಪಕ್ಕ ರಿಮ್ಮಿನ ಮೇಲೆ ಬೆಳಿಗ್ಗೆ ತಾನೇ ಎಳೆದ ಗೆರೆಯ ಉಳಿದ ಅರ್ಧ, ನೇರವಾಗಿ, ಬಿಳಿಯಾಗಿ, ಬೋಲ್ಟಿನ ಕಡೆ ಬೆರಳು ಮಾಡಿ — ಅರ್ಧ ಗೆರೆ, ಆಚೆ ಏನೂ ಇಲ್ಲ, ಅರ್ಧ ಗೆರೆ.